ವಿಮಾನಕ್ಕೆ ದಾರಿ ಹೇಳಿದ ದನಿಗಳು

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಭೂಪಟದಲ್ಲಿ ಮುಂಬಯಿ ಮತ್ತು ಹೈದರಾಬಾದುಗಳ ನಡುವೆ ಗೆರೆಯೆಳೆದರೆ ಅದು ಈ ಊರಿಗೆ ತುಸು ಉತ್ತರದಲ್ಲಿ ಹಾಯುತ್ತದೆ. ಆ ಗೆರೆಯ ಮೇಲೆ ಹಾರುವ ವೈಮಾನಿಕನಿಗೆ ತಾನೆಲ್ಲಿದ್ದೇನೆಂಬುದು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ನನ್ನ ಇಂದಿನ ವಿಷಯ.

ಆಗ ಗುಲ್ಬರ್ಗವೆನಿಸಿದ್ದ ಈ ನಗರದಲ್ಲಿ 1966ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಮಧ್ಯಮ ತರಂಗದ ಇಂಥ ಕೇಂದ್ರಗಳು ನಮಗೆ ಹಾಡು, ವಾರ್ತೆಗಳನ್ನು ಕೇಳಿಸುತ್ತಲೇ, ತಮಗರಿವಿಲ್ಲದೆ ವೈಮಾನಿಕನಿಗೂ ನೆರವಾಗಬಲ್ಲವು. ವಿಮಾನದಲ್ಲಿರುವ ದಿಕ್ಕು ಶೋಧಿಸುವ ಯಂತ್ರವನ್ನು ಕೇಂದ್ರದ ತರಂಗಕ್ಕೆ ಹೊಂದಿಸಿದರೆ ಅದರ ಮುಳ್ಳು ಕೇಂದ್ರದತ್ತ ತಿರುಗುತ್ತದೆ. ಆದರೆ ಕತ್ತಲಾಯಿತೆಂದರೆ ಅದೇ ಮುಳ್ಳು ಅಲೆದಾಡತೊಡಗುತ್ತದೆ. ರಾತ್ರಿ ಹೊತ್ತು ನಮ್ಮ ರೇಡಿಯೋದಲ್ಲಿ ನೂರಾರು ಮೈಲಿಯಾಚೆಯ ಕೇಂದ್ರಗಳು ಇಣುಕುವುದನ್ನು ನೀವು ಕೇಳಿರಬಹುದು. ಬಹು ಎತ್ತರದಲ್ಲಿರುವ ಅಯಾನುಗೋಳವೆಂಬ ಪದರ ತರಂಗಗಳನ್ನು ಬಾಗಿಸಿ ನೆಲಕ್ಕೆ ಮರಳಿಸುವುದರಿಂದ ಹೀಗಾಗುತ್ತದೆ. ಕೇಳುಗನಿಗೆ ಇದು ಲಾಭ, ವೈಮಾನಿಕನಿಗೆ ಗಂಡಾಂತರ. ಬಾನುಲಿಯಲ್ಲಿ ಕುಳಿತೇ ಬಾನುಲಿಯ ಕುಂದನ್ನು ಹೇಳುತ್ತಿದ್ದೇನೆ, ಕ್ಷಮೆಯಿರಲಿ.

ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದ ವಿ.ಓ.ಆರ್. ಕೇಂದ್ರಗಳು ಹೆಚ್ಚು ಆವರ್ತನದ ತರಂಗಗಳನ್ನು ಬಳಸಿ ಈ ಕಾಟದಿಂದ ಪಾರಾದವು. ಆದರೆ ಅವು ತಿಳಿಸುವುದು ಕೋನವನ್ನು ಮಾತ್ರ. ಹೈದರಾಬಾದಿನ ಕೇಂದ್ರದಿಂದ ಪಡೆದ ಕೋನ ಒಂದೇ ಒಂದು ಡಿಗ್ರಿ ತಪ್ಪಿದರೂ, ಅಲ್ಲಿಂದ ಸುಮಾರು 150 ಕಿಲೋಮೀಟರ್ ದೂರದ ಕಮಲಾಪುರದ ಮೇಲೆ ಆ ತಪ್ಪು ಎರಡೂವರೆ ಕಿಲೋಮೀಟರಿಗೆ ಮಿಗಿಲಾಗುತ್ತದೆ.

ಉಪಗ್ರಹಗಳ ತಪ್ಪು ಹೀಗೆ ದೂರದೊಡನೆ ಹಿಗ್ಗುವುದಿಲ್ಲ. 1983ರ ಸೆಪ್ಟೆಂಬರ್ 1ರಂದು ದಾರಿತಪ್ಪಿ ಸೋವಿಯತ್ ಗಡಿಯೊಳಹೊಕ್ಕ ಕೊರಿಯದ ವಿಮಾನವನ್ನು ಹೊಡೆದುರುಳಿಸಿದಾಗ 269 ಜನ ಸತ್ತರು. ಅದರ ಬೆನ್ನಲ್ಲೇ ಅಮೆರಿಕ ತನ್ನ ಸೇನೆಯ ಜಿ.ಪಿ.ಎಸ್. ನಾಗರಿಕ ವಿಮಾನಗಳಿಗೂ ದೊರೆಯುವುದೆಂದು ಸಾರಿತು. ಕೊಟ್ಟದ್ದೇನೋ ನಿಜ, ಆದರೆ ನೂರು ಮೀಟರಿನಷ್ಟು ಹೆಚ್ಚುಕಡಿಮೆಯಾಗುವಂತೆ ಬೇಕೆಂದೇ ಮಸುಕುಗೊಳಿಸಿ ಕೊಟ್ಟಿತು. ಈ ಜಿಪುಣತನ ಕೊನೆಗೊಂಡದ್ದು 2000ದ ಮೇ ತಿಂಗಳಲ್ಲಿ.

ಆಮೇಲೂ ಉಳಿದವನು ಹಳೆಯ ವೈರಿ, ಅಯಾನುಗೋಳ. ಅದನ್ನು ಹಾಯ್ದು ಬರುವಾಗ ಉಪಗ್ರಹದ ಸಂಕೇತ ತಡವಾಗುತ್ತದೆ. ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲು ತಡವಾದರೆ ಮೂರು ಮೀಟರ್ ತಪ್ಪು. ಭೂಕಾಂತದ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯಲ್ಲೇ ಹಾಯುವುದರಿಂದ ಈ ಪದರದ ಏರುಪೇರು ನಮ್ಮಲ್ಲಿ ಹೆಚ್ಚು. ಸೂರ್ಯ ಮುಳುಗಿದ ಮೇಲಂತೂ ಹೇಳತೀರದು. ಇಸ್ರೋ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ರೂಪಿಸಿದ 'ಗಗನ್' ವ್ಯವಸ್ಥೆ ಇದಕ್ಕೆ ಮದ್ದು. ದೇಶದ 15 ಕಡೆ ನೆಲದ ಕೇಂದ್ರಗಳು ಜಿ.ಪಿ.ಎಸ್. ತಪ್ಪನ್ನು ಅಳೆಯುತ್ತವೆ, ಬೆಂಗಳೂರಿನ ಕುಂದಲಹಳ್ಳಿಯಲ್ಲಿ ತಿದ್ದುಪಡಿಯ ಲೆಕ್ಕ ನಡೆಯುತ್ತದೆ, ಭೂಸ್ಥಿರ ಉಪಗ್ರಹ ಅದನ್ನು ವಿಮಾನಕ್ಕೆ ಮುಟ್ಟಿಸುತ್ತದೆ. ತಪ್ಪು ಕೆಲವೇ ಮೀಟರಿಗೆ ಇಳಿಯುತ್ತದೆ. ಇದಕ್ಕಿಂತ ಹಿರಿದೆಂದು ನನಗೆ ತೋರುವ ಗುಣ ಇನ್ನೊಂದುಂಟು: ಸಂಕೇತ ನಂಬಲು ತಕ್ಕದ್ದಲ್ಲದಾಗ ಗಗನ್ ಸೆಕೆಂಡುಗಳಲ್ಲೇ ಎಚ್ಚರಿಸುತ್ತದೆ. ಇರುಳಲ್ಲಿ ಅಲೆದ ಆ ಹಳೆಯ ಮುಳ್ಳು ತಾನು ದಾರಿತಪ್ಪಿದ್ದೇನೆಂದು ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. 2022ರ ಏಪ್ರಿಲ್ ತಿಂಗಳಲ್ಲಿ ರಾಜಸ್ಥಾನದ ಕಿಶನಗಢದಲ್ಲಿ ಇಂಡಿಗೋ ವಿಮಾನವೊಂದು ಗಗನ್ ನೆರವಿನಿಂದ ಇಳಿಯಿತು. ಆದರೂ ಏನೂ ಕಾಣದಷ್ಟು ದಟ್ಟವಾದ ಮಂಜಿನಲ್ಲಿ ಇಳಿಯಬೇಕಾದಾಗ ವೈಮಾನಿಕ ಇಂದಿಗೂ ನೆಚ್ಚುವುದು ರನ್‌ವೇ ಪಕ್ಕದಿಂದ ಹೊಮ್ಮುವ ಹಳೆಯ ರೇಡಿಯೋ ತರಂಗವನ್ನೇ.