ರೂಬಿ ಭಾಷೆಯೂ ರೇಲ್ಸ್ ಚೌಕಟ್ಟಿನ ಭಾಷಾವಿಸ್ತರಣೆಗಳೂ

ಒಂದು ಗಣಕಭಾಷೆಯನ್ನು ರೂಪಿಸಿದವರು ಒಬ್ಬರು. ಅದನ್ನು ಆಧಾರವಾಗಿಟ್ಟುಕೊಂಡು ಜಾಲತಾಣಗಳ ರಚನೆಗೆ ಬೇಕಾದ ಚೌಕಟ್ಟನ್ನು ಕಟ್ಟಿದವರು ಮತ್ತೊಬ್ಬರು. ಕಟ್ಟುವವರಿಗೆ ಭಾಷೆಯಲ್ಲಿ ಕೊರತೆಯೊಂದು ಕಂಡುಬಂದರೆ ಅದನ್ನು ತಾವೇ ಭಾಷೆಯೊಳಗೆ ತುಂಬಿಬಿಡಬಹುದೆ? ತುಂಬಿದರೆ, ಮುಂದೆ ಅದನ್ನು ಕಾಪಾಡುವ ಹೊಣೆ ಯಾರದು? ಈ ಪ್ರಶ್ನೆಗಳಿಗೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ಇತಿಹಾಸದಲ್ಲಿ ಹುಡುಕುವುದು ಮೇಲೆಂದು ಭಾವಿಸಿ, ಪ್ರಕೃತ ಲೇಖನದಲ್ಲಿ ರೂಬಿ ಭಾಷೆಗೂ ರೇಲ್ಸ್ ಚೌಕಟ್ಟಿಗೂ ನಡೆದಿರುವ ಕೊಡುಕೊಳೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಜಪಾನಿನ ಯುಕಿಹಿರೊ ಮತ್ಸುಮೊತೊ ಅವರು ರೂಬಿಯನ್ನು 1995ರಲ್ಲಿ ಲೋಕದ ಮುಂದಿಟ್ಟರು. ಈ ಭಾಷೆಯಲ್ಲಿ ಸಂಖ್ಯೆ, ಪಟ್ಟಿ, ಪದಸರಣಿ ಮೊದಲಾದ ಮೂಲವರ್ಗಗಳ ಬಾಗಿಲು ಎಂದಿಗೂ ಮುಚ್ಚಿರುವುದಿಲ್ಲ. ಯಾರು ಬೇಕಾದರೂ ಒಳಹೊಕ್ಕು ಹೊಸ ಕ್ರಿಯೆಯೊಂದನ್ನು ಸೇರಿಸಬಹುದು. 2004ರಲ್ಲಿ ಡೇವಿಡ್ ಹೈನಮೆಯರ್ ಹ್ಯಾನ್ಸನ್ ಅವರು ಪ್ರಕಟಿಸಿದ ರೇಲ್ಸ್ ಈ ಸೌಲಭ್ಯವನ್ನು ಧಾರಾಳವಾಗಿ ಬಳಸಿಕೊಂಡಿತು. ಅದರ ‘ಆಕ್ಟಿವ್ ಸಪೋರ್ಟ್’ ಎಂಬ ಭಾಗವು ರೂಬಿಯ ಸಂಖ್ಯೆಗಳಿಗೆ ಕಾಲಗಣನೆಯನ್ನು ಕಲಿಸಿತು, ‘2.ಡೇಸ್.ಅಗೊ’ ಎಂದು ಬರೆದರೆ ಎರಡು ದಿನಗಳ ಹಿಂದಿನ ಕ್ಷಣವೇ ದೊರೆಯುವಂತಾಯಿತು. ರೇಲ್ಸ್ ಪಡೆದ ಜನಪ್ರಿಯತೆಯಲ್ಲಿ ಈ ಬರವಣಿಗೆಯ ಸೊಗಸಿಗೆ ಸಲ್ಲತಕ್ಕ ಪಾಲು ಅಲ್ಪವಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಹೀಗೆ ಸೇರಿಸಿದ ಕ್ರಿಯೆಯು ಸೇರಿಸಿದವರ ಕಡತಕ್ಕಷ್ಟೇ ಸೀಮಿತವಾಗಿ ನಿಲ್ಲುವುದಿಲ್ಲ. ಆ ತಂತ್ರಾಂಶದಲ್ಲಿ ಕೂಡಿಕೊಂಡ ಎಲ್ಲ ಭಾಗಗಳಿಗೂ, ರೇಲ್ಸಿನ ಹೆಸರನ್ನೇ ಕೇಳದವರು ಬರೆದ ಭಾಗಗಳಿಗೂ ಸಹ, ಅದು ಅನ್ವಯಿಸುತ್ತದೆ.

ಇದರ ಪರಿಣಾಮವನ್ನು ತಿಳಿಯಲು ನಮ್ಮ ನುಡಿಗೂ ಸಂಬಂಧಪಟ್ಟ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗಿದೆ. ರೂಬಿಯ 1.8ನೆಯ ಆವೃತ್ತಿಯು ಪದಸರಣಿಯನ್ನು ಬೈಟುಗಳ ಸಾಲೆಂದೇ ಎಣಿಸುತ್ತಿತ್ತು. ‘ಕನ್ನಡ’ ಎಂಬ ಪದದಲ್ಲಿ ಓದುಗನ ಕಣ್ಣಿಗೆ ಅಕ್ಷರಗಳು ಮೂರು. ಯೂನಿಕೋಡ್ ಸಂಕೇತಗಳು ಐದು (ಕ, ನ, ವಿರಾಮಚಿಹ್ನೆ, ನ, ಡ). ಯುಟಿಎಫ್-8 ಪದ್ಧತಿಯಲ್ಲಿ ಸಂಕೇತವೊಂದಕ್ಕೆ ಮೂರರಂತೆ ಬೈಟುಗಳು ಹದಿನೈದು. ಆ ರೂಬಿಗೆ ಈ ಪದದ ಉದ್ದ 15. ಇದನ್ನು ಹತ್ತನೆಯ ಬೈಟಿನಲ್ಲಿ ಕತ್ತರಿಸಿದರೆ ಎರಡನೆಯ ನಕಾರದ ಮೂರರಲ್ಲೊಂದು ಪಾಲು ಮಾತ್ರ ಉಳಿದು, ಪುಟದ ಮೇಲೆ ಅರ್ಥವಿಲ್ಲದ ಗುರುತೊಂದು ಮೂಡುತ್ತಿತ್ತು. ಆಂಗ್ಲವನ್ನಷ್ಟೇ ಬರೆಯುವವರಿಗೆ ಈ ತೊಂದರೆ ಗೋಚರಿಸುವಂತೆಯೇ ಇರಲಿಲ್ಲ. 2007ರ ಜನವರಿಯಲ್ಲಿ ಬಂದ ರೇಲ್ಸ್ 1.2, ಪದಸರಣಿಗೆ ‘ಚಾರ್ಸ್’ ಎಂಬ ಕ್ರಿಯೆಯನ್ನು ಸೇರಿಸಿ, ಅದರ ಮೂಲಕ ಎಣಿಸಿದಾಗ ಐದು ಎಂಬ ಉತ್ತರ ಬರುವಂತೆ ಮಾಡಿತು. ಅಕ್ಷರವೆಂಬ ನಮ್ಮ ಕಲ್ಪನೆಗೆ ಇದೂ ಸಾಲದು, ನಿಜ. ಆದರೂ ಸಂಕೇತವೊಂದು ನಡುವೆ ಸೀಳಿಹೋಗುವ ಅನಾಹುತ ತಪ್ಪಿತು.

ಮರುವರ್ಷ, ಎಂದರೆ 2008ರಲ್ಲಿ, ಪ್ರಕಟವಾದ ರೂಬಿ 1.8.7ರಲ್ಲಿ ಭಾಷೆಯ ಕರ್ತೃಗಳೇ ‘ಚಾರ್ಸ್’ ಎಂಬ ಕ್ರಿಯೆಯನ್ನಿಟ್ಟರು. ಹೆಸರು ಒಂದೇ; ಕೊಡುತ್ತಿದ್ದ ವಸ್ತು ಬೇರೆ. ಅದಕ್ಕೆ ಉದ್ದವೆಂಬುದೇ ಇಲ್ಲವಾದುದರಿಂದ, ದೀರ್ಘ ಬರಹವನ್ನು ಮೊಟಕುಮಾಡಿ ತೋರಿಸುವ ರೇಲ್ಸಿನ ಸಾಧನವು ಹೊಸ ರೂಬಿಯ ಮೇಲೆ ಮುರಿದುಬಿದ್ದಿತು. ಅದೇ ವರ್ಷದ ನವೆಂಬರಿನಲ್ಲಿ ಬಂದ ರೇಲ್ಸ್ 2.2 ತನ್ನ ಕ್ರಿಯೆಯ ಹೆಸರನ್ನು ‘ಎಂಬಿ ಚಾರ್ಸ್’ ಎಂದು ಬದಲಾಯಿಸಿಕೊಂಡಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ತಪ್ಪು ಯಾರದೆಂಬ ವಾದ ಎಷ್ಟು ನಡೆದರೂ, ಹಿಂದೆ ಸರಿಯಬೇಕಾದದ್ದು ಚೌಕಟ್ಟೇ. ಮುಂದೆ ರೂಬಿ 1.9 ಪದಸರಣಿಗಳ ಲಿಪಿಸಂಕೇತವನ್ನು ತಾನೇ ಅರಿಯತೊಡಗಿದಾಗ ಈ ವಿಸ್ತರಣೆಯ ಕೆಲಸದ ಬಹುಭಾಗವು ಭಾಷೆಗೇ ಸೇರಿಹೋಯಿತು.

ಎಲ್ಲ ಹಿನ್ನಡೆಗಳೂ ಇಷ್ಟು ಕಷ್ಟದ್ದಾಗಿರಲಿಲ್ಲ. ನಿಘಂಟಿನಂಥ ‘ಹ್ಯಾಶ್’ ವರ್ಗಕ್ಕೆ ರೇಲ್ಸ್ ಸೇರಿಸಿದ್ದ ‘ಕಾಂಪ್ಯಾಕ್ಟ್’ 2016ರಲ್ಲಿ, ‘ಸ್ಲೈಸ್’ 2017ರಲ್ಲಿ, ‘ಎಕ್ಸೆಪ್ಟ್’ 2020ರಲ್ಲಿ ರೂಬಿಯ ಸ್ವಂತ ಸೊತ್ತಾದವು. 2019ರ ರೇಲ್ಸ್ 6.0ರಲ್ಲಿ ‘ಕಾಂಪ್ಯಾಕ್ಟ್’ನ ಕಡತವು ಒಂದು ಎಚ್ಚರಿಕೆಯ ವಾಕ್ಯವನ್ನಷ್ಟೇ ನುಡಿಯುವಂತಾಗಿ ಉಳಿಯಿತು. ಆದರೆ ‘ಸಮ್’ ಎಂಬ ಸಂಕಲನಕ್ರಿಯೆಯದು ಬೇರೆ ಕಥೆ. ರೇಲ್ಸಿನ ‘ಸಮ್’ ಸಂಖ್ಯೆಗಳನ್ನು ಮಾತ್ರವಲ್ಲದೆ ಪದಗಳನ್ನೂ ಜೋಡಿಸಿ ಕೊಡುತ್ತಿತ್ತು. 2016ರ ಕೊನೆಯಲ್ಲಿ ರೂಬಿ 2.4 ತನ್ನದೇ ‘ಸಮ್’ ತಂದಿತು. ಅದು ಸೊನ್ನೆಯಿಂದ ಆರಂಭಿಸಿ ಕೂಡುವುದರಿಂದ, ಆರಂಭದ ಮೌಲ್ಯವನ್ನು ಕೊಡದೆ ಪದಗಳನ್ನಿತ್ತರೆ ದೋಷವೆಂದು ನಿಲ್ಲುತ್ತದೆ. ಹಳೆಯ ತಂತ್ರಾಂಶಗಳು ಕೆಡದಂತೆ ರೇಲ್ಸ್ ಎರಡು ನಡತೆಗಳನ್ನೂ ಹೊತ್ತು ನಡೆಯಿತು, 7.0ರಲ್ಲಿ ಎಚ್ಚರಿಕೆ ಕೊಟ್ಟು, 2023ರ 7.1ರಲ್ಲಿ ಆ ಭಾರವನ್ನಿಳಿಸಿತು. ಒಂದು ಕೂಡುವ ಕ್ರಿಯೆಯನ್ನು ಹಿಂತೆಗೆಯಲು ಸುಮಾರು ಏಳು ವರ್ಷ! ವಿಸ್ತರಣೆಗಳ ಪಾಲನೆಯೆಂದರೆ ಹೊಸದನ್ನು ಕೂಡಿಸುವುದಕ್ಕಿಂತ ಹೆಚ್ಚಾಗಿ ಹಳೆಯದರಿಂದ ಉಪಾಯವಾಗಿ ಕಳಚಿಕೊಳ್ಳುವುದೇ ಆಗಿದೆಯೆಂದು ಇದರಿಂದ ಊಹಿಸಬಹುದು. ವಿಸ್ತರಣೆಯ ವ್ಯಾಪ್ತಿಯನ್ನು ಕಡತವೊಂದಕ್ಕೆ ಮಿತಿಗೊಳಿಸುವ ‘ರಿಫೈನ್‌ಮೆಂಟ್ಸ್’ ಎಂಬ ಏರ್ಪಾಡು 2013ರ ರೂಬಿ 2.0ರಲ್ಲಿ ಪ್ರಯೋಗಾರ್ಥವಾಗಿ ಬಂದರೂ ರೇಲ್ಸ್ ತನ್ನ ಹಳೆಯ ರೂಢಿಯನ್ನು ಬಿಡಲಿಲ್ಲ.

ಏಳು ವರ್ಷಗಳೇ ಹಿಡಿದರೂ ಹಿಂತೆಗೆಯುವುದು ಸಾಧ್ಯವಾದದ್ದೇಕೆ? ರೂಬಿಯ ತಂತ್ರಾಂಶವನ್ನು ನಡೆಸುವವರು ತಮ್ಮ ಗಣಕದಲ್ಲಿ ಯಾವ ಆವೃತ್ತಿಯಿರಬೇಕೆಂಬುದನ್ನು ತಾವೇ ನಿರ್ಧರಿಸುತ್ತಾರೆ. ಜಾವಾಸ್ಕ್ರಿಪ್ಟಿನಲ್ಲಿ ಹಾಗಿಲ್ಲ. ಅಲ್ಲಿ ಪುಟವನ್ನು ಬರೆದವನು ಒಬ್ಬನು, ಅದು ನಡೆಯುವುದು ಓದುವವನ ಬ್ರೌಸರಿನಲ್ಲಿ. ಬ್ರೌಸರು ಹೊಸದಾದರೂ ಪುಟ ಹಳೆಯದಾಗಿಯೇ ಇರುತ್ತದೆ. ರೇಲ್ಸಿನ ಬಳಗದಲ್ಲಿಯೇ 2005ರಲ್ಲಿ ಸ್ಯಾಮ್ ಸ್ಟೀಫನ್‌ಸನ್ ಅವರಿಂದ ಹುಟ್ಟಿದ ‘ಪ್ರೋಟೋಟೈಪ್’ ಗ್ರಂಥಾಲಯವು ರೂಬಿಯ ಈ ರೂಢಿಯನ್ನು ಜಾವಾಸ್ಕ್ರಿಪ್ಟಿಗೆ ಒಯ್ದಿತ್ತು. 2006ರ ‘ಮೂಟೂಲ್ಸ್’ ಅದೇ ಹಾದಿ ಹಿಡಿಯಿತು. ಭಾಷೆಯ ಮಾನಕಸಮಿತಿಯು ಪಟ್ಟಿಗಳಿಗೆ ‘ಕಂಟೇನ್ಸ್’ ಎಂಬ ಕ್ರಿಯೆಯನ್ನು ಸೇರಿಸಹೊರಟಾಗ ಮೂಟೂಲ್ಸ್ ಬಳಸಿದ ತಾಣಗಳು ಕೆಟ್ಟವು. 2016ರ ಮಾನಕದಲ್ಲಿ ಅದು ‘ಇನ್‌ಕ್ಲೂಡ್ಸ್’ ಎಂಬ ಹೆಸರಿನಿಂದ ಬಂದಿತು. 2018ರ ಮಾರ್ಚಿನಲ್ಲಿ ‘ಫ್ಲಾಟನ್’ ಎಂಬುದಕ್ಕೂ ಅದೇ ಗತಿಯೊದಗಿ, ಬದಲಿಗೆ ‘ಸ್ಮೂಶ್’ ಎಂಬ ಹಾಸ್ಯಾಸ್ಪದ ಹೆಸರಿನ ಸೂಚನೆಯೂ ಬಂದು ಗದ್ದಲವಾಯಿತು. ಅರಿಸಮಾಸವನ್ನು ದೋಷವೆಂದು ಸಾರಿದ ಕೇಶಿರಾಜನೂ ಪೂರ್ವಕವಿಗಳ ಪ್ರಯೋಗಗಳಿಗೆ ಎಡೆಗೊಟ್ಟದ್ದು ಈ ಸಂದರ್ಭದಲ್ಲಿ ವಾಚಕರಿಗೆ ನೆನಪಾಗಬಹುದು. ಸಮಿತಿಯೂ ಹಳೆಯ ಪ್ರಯೋಗಕ್ಕೆ ಮಣಿದು, ಆ ವರ್ಷದ ಮೇ ತಿಂಗಳಲ್ಲಿ ‘ಫ್ಲಾಟ್’ ಎಂಬ ಹೆಸರನ್ನೊಪ್ಪಿತು. 2019ರ ಮಾನಕದಲ್ಲಿ ಸೇರಿದ್ದು ಅದೇ. ‘ಫ್ಲಾಟನ್’ ಎಂಬುದು ಆ ಹಳೆಯ ಪುಟಗಳ ಸ್ವಾಧೀನದಲ್ಲಿಯೇ ಉಳಿಯಿತು.