ಗಡಿನಾಡಿನ ಮಕ್ಕಳ ಅನ್ನ ಮತ್ತು ಅಕ್ಷರ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯು ಸಮೃದ್ಧವಾದುದೆಂಬ ಖ್ಯಾತಿ ಬಹುಕಾಲದ್ದು. ಆದರೆ ಹೊಲದ ಸಮೃದ್ಧಿಯು ಕೂಲಿಕಾರನ ಮನೆಯ ಕೂಸಿನ ತಾಟಿನವರೆಗೆ ತಾನಾಗಿ ನಡೆದು ಬರುವದಿಲ್ಲ. ಅದನ್ನು ಬರಮಾಡುವದಕ್ಕಾಗಿ ಆಳುವವರು ಮಾಡಿದ ಕಟ್ಟಳೆಗಳು ಎಷ್ಟು ದೂರ ಸಾಗಿದವು, ಎಲ್ಲಿ ನಿಂತವು ಎಂಬದನ್ನು ಅರಿಯಲು ಈ ಸೀಮೆಯ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ. ಏಕೆಂದರೆ ಇಲ್ಲಿ ನೆರೆಹೊರೆಯ ಊರುಗಳ ಮಕ್ಕಳೇ ಬೇರೆಬೇರೆ ದೊರೆತನಗಳ ಕೈಕೆಳಗೆ ಬೆಳೆದರು.

1949ರ ವರೆಗೆ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಚಿಕ್ಕೋಡಿ, ಅಥಣಿಗಳಾದರೋ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯ ತಾಲೂಕುಗಳು. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಸಕ್ತಿಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಕೇಂದ್ರ ಶಾಸನಸಭೆಯ ಮುಂದಿಟ್ಟರು. ಮರುವರ್ಷವೇ ಅದು ಬಿದ್ದುಹೋಯಿತು. ಬ್ರಿಟಿಷ್ ಸರಕಾರವು ಕೈಬಿಟ್ಟ ಕಾರ್ಯವನ್ನು ಶಾಹೂ ಛತ್ರಪತಿಗಳು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಕೈಕೊಂಡರು. ಪ್ರಾಥಮಿಕ ಶಿಕ್ಷಣವು ಉಚಿತವೂ ಸಕ್ತಿಯದೂ ಆಯಿತು. ಮಗುವನ್ನು ಶಾಲೆಗೆ ಕಳಿಸದ ತಂದೆಗೆ ತಿಂಗಳಿಗೆ ಒಂದು ರೂಪಾಯಿ ದಂಡ! ಆ ಕಾಲದಲ್ಲಿ ಅದು ಕೆಲವು ದಿನಗಳ ಕೂಲಿ. 1922ರಲ್ಲಿ ಮಹಾರಾಜರು ತೀರಿಕೊಳ್ಳುವ ಸುಮಾರಿಗೆ ಸಂಸ್ಥಾನದಲ್ಲಿ ಇಂಥ ಶಾಲೆಗಳು ನಾನೂರಕ್ಕೂ ಮಿಕ್ಕಿದ್ದವು. ಅವುಗಳಲ್ಲಿ 22 ಸಾವಿರದಷ್ಟು ಮಕ್ಕಳು ಕಲಿಯುತ್ತಿದ್ದರು. ಅತ್ತ ಮುಂಬಯಿ ಇಲಾಖೆಯಲ್ಲಿ 1918ರ ಕಾಯಿದೆಯು ಮುನ್ಸಿಪಾಲಿಟಿಗಳಿಗೆ ಮಾತ್ರ ಅಧಿಕಾರವನ್ನು ಕೊಟ್ಟಿತು, ಹಳ್ಳಿಗಳು ಹೊರಗುಳಿದವು. ಗಡಿಕಲ್ಲಿನ ಈಚೆಯ ದನಗಾಹಿ ಹುಡುಗನನ್ನು ಶಾಲೆಗೆ ಕರೆಯುವ ಆಜ್ಞೆಯಿದ್ದರೆ ಆಚೆಯವನನ್ನು ಕೇಳುವವರೇ ಇರಲಿಲ್ಲ.

ಆದರೂ ದಂಡದ ಆಜ್ಞೆಯಲ್ಲಿ ಒಂದು ಕೊರತೆ ಇದ್ದೇ ಇದ್ದಿತು. ದನ ಕಾಯುವ ಹುಡುಗನು ತನ್ನ ತುತ್ತನ್ನು ತಾನೇ ಗಳಿಸುತ್ತಿದ್ದನು. ಅವನನ್ನು ಶಾಲೆಯಲ್ಲಿ ಕೂಡ್ರಿಸಿದ ಮೇಲೆ ಆ ತುತ್ತನ್ನು ಕೊಡುವವರು ಯಾರು? ದೂರದಿಂದ ಬಂದು ಮೇಲಿನ ತರಗತಿಗಳಲ್ಲಿ ಕಲಿಯುವವರ ಮಟ್ಟಿಗೆ ಮಹಾರಾಜರು ಇದಕ್ಕೆ ಉತ್ತರವನ್ನು ಕಂಡುಕೊಂಡಿದ್ದರು. ಅವರ ಆಶ್ರಯದಿಂದ ಕೊಲ್ಹಾಪುರದಲ್ಲಿ ಜಾತಿಜಾತಿಗೂ ವಿದ್ಯಾರ್ಥಿ ವಸತಿಗೃಹಗಳು ಎದ್ದವು. 1907ರಲ್ಲಿ ವೀರಶೈವ ಲಿಂಗಾಯತ ವಿದ್ಯಾರ್ಥಿಗಳದೂ ಆಯಿತು. ಹಳ್ಳಿಯ ಚಿಕ್ಕ ಮಕ್ಕಳಿಗೆ ಮಾತ್ರ ಅಂಥ ಏರ್ಪಾಡು ದೊರೆಯಲಿಲ್ಲ.

ನಿಪ್ಪಾಣಿಯ ಕಥೆಯು ಇದಕ್ಕಿಂತ ತೊಡಕಿನದು. ತಂಬಾಕಿನ ವ್ಯಾಪಾರದಿಂದ ಬೆಳೆದ ಈ ಪೇಟೆಯಲ್ಲಿ ಹೆಣ್ಣುಮಕ್ಕಳು ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿದು ದುಡಿದರು, ಮನೆಯಲ್ಲಿ ಬೀಡಿ ಕಟ್ಟಿದರು. ಬೀಡಿಯ ಕೂಲಿ ಸಾವಿರಕ್ಕೆ ಇಷ್ಟೆಂದು ಇರುವದರಿಂದ ಲೆಕ್ಕ ತುಂಬುವ ಕೈಗಳು ಎಷ್ಟಿದ್ದರೂ ಬೇಕು. ತಾಯಿಯು ಎಲೆ ಕತ್ತರಿಸಿದರೆ ಮಗಳು ತುದಿ ಮಡಚುವಳು, ನೂಲು ಸುತ್ತುವಳು. ದೇಶದ ಬೀಡಿ ಕಾರಖಾನೆಗಳಲ್ಲಿ ಮಕ್ಕಳನ್ನು ಸಾಲಕ್ಕೆ ಒತ್ತೆಯಿಡುವದನ್ನು 1931ರ ಕಾರ್ಮಿಕ ಆಯೋಗವು ಬೆಳಕಿಗೆ ತಂದ ಬಳಿಕ 1933ರಲ್ಲಿ ಅದು ನಿಷಿದ್ಧವಾಯಿತು. 1966ರ ಬೀಡಿ ಕಾರ್ಮಿಕರ ಕಾಯಿದೆಯು 14 ವರ್ಷದೊಳಗಿನವರನ್ನು ಕಾರಖಾನೆಯಿಂದ ಹೊರಗಿಟ್ಟಿತು. 50ಕ್ಕೂ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳ ಪಾಲನಗೃಹವಿರಬೇಕೆಂದಿತು. ಕಾಯಿದೆಯು ಕಾರಖಾನೆಯನ್ನು ನೋಡಿತು, ಕೆಲಸವು ಮನೆಯಲ್ಲಿಯೇ ನಡೆಯಿತು! 1986ರ ಬಾಲಕಾರ್ಮಿಕ ಕಾಯಿದೆಯೂ ಬೀಡಿ ಕೆಲಸವನ್ನು ನಿಷೇಧಿಸಿ, ಮನೆಯವರೊಡನೆ ಮಾಡುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತು. ಈ ಬಾಗಿಲು 2016ರ ತಿದ್ದುಪಡಿಯವರೆಗೆ, ಮೂವತ್ತು ವರ್ಷ, ತೆರೆದೇ ಇದ್ದಿತು.

ಇವೆಲ್ಲಕ್ಕಿಂತ 1976ರ ಏರ್ಪಾಡು ಜಾಣತನದ್ದು. ಬೀಡಿಯ ಮೇಲೆ ಸಣ್ಣ ಕರವನ್ನು ಹಾಕಿ ಆ ಹಣದಿಂದ ಕಾರ್ಮಿಕರಿಗೆ ಔಷಧೋಪಚಾರ, ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಲಾಯಿತು. ಮಗಳ ನೂಲಿನ ಕೂಲಿಗೆ ಬದಲಾಗಿ ಮನೆಗೆ ನಾಲ್ಕು ಕಾಸು ಬಂದರೆ ತಾಯಿಯು ಅವಳನ್ನು ಶಾಲೆಗೆ ಬಿಡುವದು ಸುಲಭ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯು ಬಂದಾಗ ಆ ಕರವು ರದ್ದಾಯಿತು.

ತುತ್ತಿನ ಪ್ರಶ್ನೆಗೆ ನೇರವಾದ ಉತ್ತರವು ಬಂದದ್ದು ಈ ಶತಮಾನದಲ್ಲಿ. ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಕರ್ನಾಟಕ ಸರಕಾರವು 2002ರಲ್ಲಿ ಏಳು ಜಿಲ್ಲೆಗಳಲ್ಲಿ ಮೊದಲುಮಾಡಿ, ಮರುವರ್ಷ ಬೆಳಗಾವಿಯೂ ಸೇರಿ ಉಳಿದೆಡೆಗೆ ಹಬ್ಬಿಸಿತು. ಯೋಜನೆಗೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಮಠದ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಉಣಬಡಿಸುವವನು ಸೇವಕನು, ಉಣ್ಣುವವನು ಭಿಕ್ಷುಕನಲ್ಲ. ಒಂದು ರೂಪಾಯಿಯ ದಂಡವು ತಂದೆಯನ್ನು ಅಂಜಿಸಿತ್ತು. ಒಂದು ಹೊತ್ತಿನ ಅನ್ನವು ಮಗುವನ್ನೇ ಕರೆಯಿತು.

ಈ ಅನ್ನವೂ ತಲುಪಲು ಕಷ್ಟವಾದ ಮಕ್ಕಳು ಇದ್ದಾರೆ. 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರಖಾನೆ ಮೊದಲ್ಗೊಂಡು ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಗಳಲ್ಲಿ ಕಬ್ಬು ಅರೆಯುವ ಗಾಣಗಳು ಹಲವು. ಹಂಗಾಮಿನಲ್ಲಿ ಹೊರಜಿಲ್ಲೆಗಳಿಂದ ಕಬ್ಬು ಕಡಿಯುವವರು ಚಕ್ಕಡಿಯೇರಿ ಬಂದಾಗ ಮಕ್ಕಳೂ ಜೊತೆಗೆ ಬರುವರು. ಅವರ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲಿ, ಊಟವೂ ಅಲ್ಲಿಯೇ; ಮಗು ಮಾತ್ರ ಇಲ್ಲಿ ಕಬ್ಬಿನ ಗದ್ದೆಯ ಬದುವಿನ ಮೇಲೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯಿಂದ ಶಾಲೆಗೆ ವರ್ಗಾವಣೆಯ ಹಕ್ಕನ್ನು ಕೊಟ್ಟಿದೆ. ಆದರೆ ಇಂದು ಈ ಗದ್ದೆ, ನಾಳೆ ಆ ಗದ್ದೆ ಎಂದು ಗುಡಿಸಲು ಕೀಳುವ ತಾಯಿಯು ಆ ಕಾಗದವನ್ನು ಯಾವ ಊರಿನ ಶಾಲೆಗೆ ಒಯ್ಯಬೇಕು? ಬೇಸಗೆಯ ಮೊದಲಿಗೆ ಗಾಣ ನಿಂತು ಅವರು ಊರಿಗೆ ಮರಳುವ ಹೊತ್ತಿಗೆ ಶಾಲೆಯ ವರ್ಷವೂ ಮುಗಿಯಬಂದಿರುತ್ತದೆ.