ನಾಲ್ಕು ನದಿ ದಾಟಿದರೆ ಊರು

ಮುಂಬೈಯಿಂದ ರಾತ್ರಿ ಬಸ್ಸು ಹಿಡಿದು ಕರಾವಳಿಗೆ ಹೋಗುವವರು ನಮ್ಮಲ್ಲಿ ಬಹಳ ಮಂದಿ. ಕಾರವಾರ ಬಂದಾಗ ನಿದ್ದೆ, ಕುಂದಾಪುರ ಬಂದಾಗ ಎಚ್ಚರ. ನಡುವಿನದು ನಮ್ಮ ಲೆಕ್ಕಕ್ಕೇ ಇಲ್ಲ. ನಾನೂ ಎಷ್ಟೋ ವರ್ಷ ಹಾಗೇ ಹೋದವನು. ಈ ಸಲ ಕಾರವಾರದಿಂದ ಹೊನ್ನಾವರದವರೆಗಿನ ಸುಮಾರು 90 ಕಿಲೋಮೀಟರನ್ನು ಹಗಲಲ್ಲಿ ನೋಡಿ. ಮೂರು ದಿನ ಇಟ್ಟುಕೊಳ್ಳಿ, ಕಾರಿನ ಡಿಕ್ಕಿಯಲ್ಲಿ ಒಂದು ಟೆಂಟ್ ಇರಲಿ.

ಈ ದಾರಿಗೆ ಅಡ್ಡಲಾಗಿ ನಾಲ್ಕು ನದಿಗಳು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ನಮಗೆ ಅವು ನಾಲ್ಕು ಸೇತುವೆಗಳು, ಅಷ್ಟೇ. ಆದರೆ ಹಿಂದೆ ಇಲ್ಲಿ ಹೆದ್ದಾರಿಯೆಂದರೆ ನದಿಯೇ ಆಗಿತ್ತು. ಘಟ್ಟದ ಮೆಣಸು ನದಿಯಲ್ಲಿ ಇಳಿದು ಅಳಿವೆಗೆ ಬಂದು ಹಡಗು ಹತ್ತುತ್ತಿತ್ತು. ಉತ್ತರದಿಂದ ದಕ್ಷಿಣಕ್ಕೆ ಹೋಗುವವನ ಪಾಡು ಬೇರೆ. ಪ್ರತಿ ಅಳಿವೆಯಲ್ಲೂ ಬಸ್ಸಿಳಿದು, ಗಂಟುಮೂಟೆ ಹೊತ್ತು, ದೋಣಿಯಲ್ಲೋ ಲಾಂಚಿನಲ್ಲೋ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅರ್ಧ ದಿನ ಹೇಳುತ್ತಾರೆ.

ಮೊದಲ ನಡಿಗೆ ಕಾಳಿ ಕಡಲು ಸೇರುವಲ್ಲಿ. 1883ರಲ್ಲಿ ಇಪ್ಪತ್ತೆರಡರ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಕಾರವಾರದ ಜಿಲ್ಲಾ ನ್ಯಾಯಾಧೀಶರು. ಬಂಗಾಳದವರು ಇಲ್ಲಿಗೆ ಹೇಗೆ ಎನ್ನುತ್ತೀರಾ? 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತಕ್ಕೆ ಸೇರಿಸಿದ್ದರು. ಸತ್ಯೇಂದ್ರನಾಥರಿದ್ದದ್ದು ಬೊಂಬಾಯಿಯ ಸೇವೆಯಲ್ಲಿ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿ, ಶಿವಾಜಿಯ ಹಳೆಯ ಗುಡ್ಡದ ಕೋಟೆ ನೋಡಿ, ಹರಿವಿನೊಡನೆ ಅಳಿವೆಗೆ ಮರಳಿ, ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ಕವಿ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ' ನಾಟಕ ಹುಟ್ಟಿದ್ದೂ ಕಾರವಾರದಲ್ಲೇ. ಆ ಮರಳಿನ ಮೇಲೆ ಸಂಜೆ ನೀವೂ ನಡೆಯಬಹುದು. ಆದರೆ ನದಿಯ ಕಡೆಗೊಮ್ಮೆ ನೋಡಿ. ಅಲ್ಲಿದ್ದ ನಾಲ್ಕು ದಶಕದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿತ್ತು. ಲಾರಿಯೊಂದು ನೀರಿಗೆ ಬಿತ್ತು. ಪುಣ್ಯ, ಚಾಲಕ ಬದುಕಿಕೊಂಡ.

ಅಂಕೋಲೆಯಲ್ಲಿ ಚಹಾ ಕುಡಿಯಿರಿ. 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನು ಮುರಿದ ಊರದು. ಮುಂದೆ ಶಿರೂರು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಜಾರಿ, ಹೆದ್ದಾರಿ ಬದಿಯ ಚಹಾದಂಗಡಿ, ಅದರಲ್ಲಿದ್ದ ಸಂಸಾರ, ನಿಂತಿದ್ದ ಲಾರಿ ಎಲ್ಲ ಮಣ್ಣಿನೊಡನೆ ಹೋದವು. ಬೇಗ ಊರು ಸೇರುವ ಆತುರ ನಮ್ಮದು. ರಸ್ತೆ ಅಗಲವಾಗಲೆಂದು ಗುಡ್ಡ ಕಡಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅಲ್ಲಿ ಕಾರಿನ ರೇಡಿಯೋ ಆರಿಸಿದೆ. ರೇಡಿಯೋದವನೇ ಹೀಗೆ ಹೇಳಬಾರದು, ಆದರೂ.

ರಾತ್ರಿಗೆ ಗೋಕರ್ಣ. ಕುಡ್ಲೆಯಿಂದ ಓಂ ಕಡಲತೀರಕ್ಕೆ ಬಂಡೆಗಳ ಮೇಲಿನ ಕಾಲುದಾರಿ ಸೊಗಸಾಗಿದೆ. ಟೆಂಟ್ ಹಾಕುವ ಮುನ್ನ ಅಲ್ಲಿಯವರನ್ನು ಕೇಳಿ, ಮಳೆಗಾಲದಲ್ಲಂತೂ ಬೇಡ.

ಬೆಳಿಗ್ಗೆ ಮಿರ್ಜಾನ್. ಹೆದ್ದಾರಿಯಿಂದ ನಡೆದೇ ಹೋಗುವಷ್ಟು ಹತ್ತಿರ, ಕೆಂಪುಕಲ್ಲಿನ ಕೋಟೆ, ಗೋಡೆ ತುಂಬ ಪಾಚಿ. ಕಟ್ಟಿಸಿದವರು ಯಾರೆಂದು ಪಂಡಿತರಲ್ಲಿ ಒಮ್ಮತವಿಲ್ಲ. ಜನರ ಬಾಯಲ್ಲಿ ಮಾತ್ರ ಅದು ಚೆನ್ನಭೈರಾದೇವಿಯ ಕೋಟೆ. 1552ರಿಂದ 1606ರವರೆಗೆ, 54 ವರ್ಷ ಗೇರುಸೊಪ್ಪೆಯಿಂದ ಆಳಿದವಳು. ಪೋರ್ಚುಗೀಸರು ಆಕೆಯೊಡನೆ ಕಾದಾಡಿದರು, ವ್ಯಾಪಾರಕ್ಕೂ ಕೂತರು, ಕಡೆಗೆ 'ಮೆಣಸಿನ ರಾಣಿ' ಎಂದು ಕರೆದರು. ಆಕೆಯನ್ನು ಸೋಲಿಸಿದ್ದು ಮಾತ್ರ ಹಡಗಿನವರಲ್ಲ, ಘಟ್ಟದ ಮೇಲಿನ ಕೆಳದಿಯವರು. ಸಮಯವಿದ್ದರೆ ಹೊನ್ನಾವರದಿಂದ ಶರಾವತಿಯ ಗುಂಟ ಒಳಗೆ ಹೋಗಿ ಗೇರುಸೊಪ್ಪೆಯ ಚತುರ್ಮುಖ ಬಸದಿ ನೋಡಿ. ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಕಾಡು. ಒಂದು ಕಾಲಕ್ಕೆ ಅದು ರಾಜಧಾನಿ ಎಂದರೆ ನಂಬುವುದು ಕಷ್ಟ.

ನಿಮ್ಮಲ್ಲಿ ಯಾರಾದರೂ ಹೊನ್ನಾವರದ ಅಳಿವೆಯನ್ನು ಲಾಂಚಿನಲ್ಲಿ ದಾಟಿದವರಿದ್ದರೆ ನಮಗೆ ಬರೆಯಿರಿ. ಟಿಕೆಟ್ಟಿಗೆ ಎಷ್ಟು ಕೊಟ್ಟಿರಿ, ಆಚೆ ದಡದಲ್ಲಿ ಎಷ್ಟು ಹೊತ್ತು ಕಾದಿರಿ, ಅದನ್ನೂ ಬರೆಯಿರಿ. ಭಾನುವಾರದ ಕಾರ್ಯಕ್ರಮದಲ್ಲಿ ಓದುತ್ತೇನೆ.